ಎಸ್‌ಎಸ್‌ಎಚ್ ತಿದ್ದುಪಡಿ: ಬಂದ ರಾತ್ರಿಯೇ ಹಾಕಬೇಕೇ?

ಪರ: ಕಾಯುವುದೇ ಅಪಾಯ

ಮಂಗಳೂರಿನ ಹಂಪನಕಟ್ಟೆಯಲ್ಲಿ ಕೂತು ಕಾರ್ಕಳ, ಕುಂದಾಪುರದ ಬ್ರಾಂಚುಗಳ ಸರ್ವರ್ ನೋಡಿಕೊಳ್ಳುವವರಿಗೆ ಓಪನ್‌ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಸೌಲಭ್ಯದ ತಂತ್ರಾಂಶ) ಒಂದೇ ಬಾಗಿಲು. ಅದರ ತಿದ್ದುಪಡಿ ಹೊರಬಿದ್ದಿತೆಂದರೆ ತೂತು ಎಲ್ಲಿದೆ ಎಂಬುದೂ ಹೊರಬಿದ್ದಂತೆಯೇ. ಹಳೆ ಕೋಡು, ಹೊಸ ಕೋಡು ಅಕ್ಕಪಕ್ಕ ಇಟ್ಟರೆ ಬದಲಾದ ಸಾಲು ಯಾರಿಗೂ ಕಾಣುತ್ತದೆ. ಅಡಿಕೆಗೆ ಕೊಳೆರೋಗ ಬಂದ ಮೇಲೆ ಬೋರ್ಡೋ ಹೊಡೆದು ಏನು ಸುಖ?

2024ರ ಜುಲೈ 1ರಂದು ಭದ್ರತಾ ಕಂಪನಿ ಕ್ವಾಲಿಸ್‌ನವರು ಬಯಲು ಮಾಡಿದ ದೋಷವನ್ನೇ ನೋಡಿ. ಸಂಪರ್ಕಕ್ಕೆ ಬಂದವರು 120 ಸೆಕೆಂಡಿನೊಳಗೆ ಲಾಗಿನ್ ಆಗದಿದ್ದರೆ ಎಸ್‌ಎಸ್‌ಎಚ್‌ಡಿಯೊಳಗೆ (ಸರ್ವರಿನಲ್ಲಿ ಈ ಬಾಗಿಲು ಕಾಯುವ ಪ್ರೋಗ್ರಾಂ) ಅಲಾರಂ ಹೊಡೆಯುತ್ತದೆ. ಮೆಮೊರಿ ಹಂಚಿಕೆ ಅರ್ಧಕ್ಕಿರುವಾಗ ಅದು ಹೊಡೆದು, ಅಲ್ಲೇ ಲಾಗ್ ಬರೆಯಲು ಹೋದರೆ ಒಳಗಿನ ಲೆಕ್ಕವೆಲ್ಲ ಕಲಸಿಹೋಗುತ್ತದೆ. ಸಮಯ ಸರಿಯಾಗಿ ಕೂಡಿಬಂದರೆ ಪಾಸ್‌ವರ್ಡೇ ಇಲ್ಲದೆ ರೂಟ್ ಅಧಿಕಾರ, ಅಂದರೆ ಇಡೀ ಯಂತ್ರದ ಹಿಡಿತ, ಸಿಗುತ್ತದೆ. 32 ಬಿಟ್‌ನ ಲಿನಕ್ಸ್ ಮೇಲೆ ಸರಾಸರಿ 10,000 ಪ್ರಯತ್ನ, 6ರಿಂದ 8 ಗಂಟೆ ಸಾಕಾಗಿತ್ತು. ಸಂಜೆ ಆಫೀಸಿಗೆ ಬೀಗ ಹಾಕಿ ಬೆಳಿಗ್ಗೆ ತೆರೆಯುವಷ್ಟರಲ್ಲಿ ಮುಗಿಯುವ ಕೆಲಸ. 64 ಬಿಟ್‌ನಲ್ಲಿ ಕಷ್ಟ ನಿಜ, ಆದರೆ ಕಷ್ಟ ಎಂಬುದನ್ನೇ ಬೀಗ ಎಂದುಕೊಳ್ಳಬಾರದು.

ಆ 120 ಸೆಕೆಂಡಿನ ಗಡುವು ಇಡುವ ಲಾಗಿನ್‌ಗ್ರೇಸ್‌ಟೈಮ್ ಸೆಟ್ಟಿಂಗನ್ನು ಸೊನ್ನೆ ಮಾಡಿ ಸುಮ್ಮನಿರಬಹುದಲ್ಲ ಎಂದರೆ, ಅದು ಅರ್ಧ ಮದ್ದು. ಆಗ ಅಲಾರಂ ಹೊಡೆಯುವುದೇ ಇಲ್ಲ, ಸರಿ. ಆದರೆ ಲಾಗಿನ್ ಆಗದ ಸಂಪರ್ಕಗಳೂ ಕಳಚಿಕೊಳ್ಳುವುದಿಲ್ಲ. ಅಂಥ ಸಂಪರ್ಕ ಒಟ್ಟಿಗೆ ಎಷ್ಟಿರಬಹುದು ಎನ್ನುವ ಮ್ಯಾಕ್ಸ್‌ಸ್ಟಾರ್ಟಪ್ಸ್‌ನ ಮೂಲ ಮಿತಿ 100. ಯಾರಾದರೂ ಅಷ್ಟು ಸಂಪರ್ಕ ಹಿಡಿದು ಕೂತರೆ ನಿಮಗೇ ಪ್ರವೇಶವಿಲ್ಲ.

ಹಾಕುವುದಕ್ಕೆ ಹತ್ತು ನಿಮಿಷ ಬೇಡ. ಒಳಗಿರುವ ಟರ್ಮಿನಲ್ ಮುಚ್ಚಬೇಡಿ. ಪ್ಯಾಕೇಜ್ ಏರಿಸಿ, ಸೆಟ್ಟಿಂಗ್ ಸರಿಯಿದೆಯೇ ನೋಡುವ ‘sshd -t’ ಓಡಿಸಿ (ಇಲ್ಲಿ ಮೌನವೇ ಒಪ್ಪಿಗೆ), ಸೇವೆ ರೀಸ್ಟಾರ್ಟ್ ಮಾಡಿ, ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ. ಅದು ಆದ ಮೇಲಷ್ಟೇ ಹಳೆಯದನ್ನು ಮುಚ್ಚುವುದು. ಲಿನಕ್ಸಿನ ಒಂದು ರೂಪವಾದ ಡೆಬಿಯನ್‌ನ 12ರಲ್ಲಿ ತಿದ್ದಿದ ಮೇಲೂ ಆವೃತ್ತಿ 9.2 ಎಂದೇ ತೋರಿಸುತ್ತದೆ, ಗಾಬರಿ ಬೇಡ. ಪ್ಯಾಕೇಜ್ ಆವೃತ್ತಿಯ ಬಾಲದಲ್ಲಿ ‘deb12u3’ ಅಥವಾ ಅದಕ್ಕಿಂತ ಮುಂದಿನ ಅಂಕೆ ಇದೆಯೇ ನೋಡಿ.

ವಿರೋಧ: ತಿದ್ದುಪಡಿಗೂ ತಿದ್ದುಪಡಿ ಬರುತ್ತದೆ

2003ರ ಸೆಪ್ಟೆಂಬರ್‌ನಲ್ಲಿ ಓಪನ್‌ಎಸ್‌ಎಸ್‌ಎಚ್ 3.7 ಬಂತು. ತಿದ್ದಿದ್ದು ಪೂರ್ತಿಯಾಗಿರಲಿಲ್ಲವಾದ್ದರಿಂದ ಬೆನ್ನಿಗೇ 3.7.1 ಬಂತು. ಲಿನಕ್ಸಿಗೆಂದು ಹೊರಟ ಆವೃತ್ತಿಯಲ್ಲಿ ಪ್ಯಾಮ್‌ನ (ಲಾಗಿನ್ ಪರಿಶೀಲಿಸುವ ವ್ಯವಸ್ಥೆ) ಹೊಸ ಕೋಡೇ ತೂತಾಗಿ, ವಾರದೊಳಗೆ ಇನ್ನೊಂದು. ಮೊದಲ ರಾತ್ರಿಯೇ ಓಡಿದವರು ಮೂರು ಸಲ ಓಡಿದರು.

ಅಷ್ಟಕ್ಕೂ 2024ರ ದೋಷ ಹುಟ್ಟಿದ್ದು ಹೇಗೆ? 2006ರಲ್ಲಿ ಮುಚ್ಚಿದ ತೂತು 8.5ರಲ್ಲಿ ಲಾಗ್ ಕೋಡು ಬದಲಿಸುವಾಗ ಮತ್ತೆ ತೆರೆದುಕೊಂಡಿತು. ಡೆಬಿಯನ್ 11ರ 8.4ರಲ್ಲೇ ಉಳಿದವರಿಗೆ ಅದು ತಟ್ಟಲೇ ಇಲ್ಲ! ಪರಿಹಾರದ 9.8 ಬಂದಾಗ ಆರ್ಚ್ ಲಿನಕ್ಸ್‌ನಲ್ಲಿ ಪ್ಯಾಕೇಜ್ ಏರಿಸಿ ರೀಸ್ಟಾರ್ಟ್ ಮರೆತವರಿಗೆ ಹೊಸ ಲಾಗಿನ್ ನಿಂತುಹೋಯಿತು, ಏಕೆಂದರೆ ಎಸ್‌ಎಸ್‌ಎಚ್‌ಡಿಯನ್ನು ಎರಡು ಪ್ರೋಗ್ರಾಂಗಳಾಗಿ ಒಡೆದಿದ್ದರು.

ಹತ್ತು ನಿಮಿಷದ ಕೆಲಸ ಎನ್ನುವವರು ರೀಬೂಟ್ ಮಾಡಿ ನೋಡುವುದಿಲ್ಲ. ಕರಾವಳಿಯ ಜುಲೈಯಲ್ಲಿ ಅದೇ ಮುಖ್ಯ ಪರೀಕ್ಷೆ. ಎಸ್‌ಎಸ್‌ಎಚ್‌ಡಿ ಯಾವ ವಿಳಾಸದಲ್ಲಿ ಕಾಯಬೇಕೆಂದು ಹೇಳುವ ಲಿಸನ್‌ಅಡ್ರೆಸ್‌ನಲ್ಲಿ ವಿಪಿಎನ್‌ನ (ಬ್ರಾಂಚುಗಳ ಖಾಸಗಿ ಜಾಲ) ವಿಳಾಸ ಮಾತ್ರ ಬರೆದಿದ್ದರೆ ರೀಸ್ಟಾರ್ಟಿಗೆ ತೊಂದರೆಯಿಲ್ಲ, ವಿಪಿಎನ್ ಆಗಲೇ ಎದ್ದಿರುತ್ತದೆ. ರಾತ್ರಿ ಗಾಳಿಮಳೆಗೆ ಕರೆಂಟ್ ಹೋಗಿ, ಯುಪಿಎಸ್ ಬರಿದಾಗಿ, ಯಂತ್ರ ಮೊದಲಿನಿಂದ ಏಳುವಾಗ ಎಸ್‌ಎಸ್‌ಎಚ್‌ಡಿ ವಿಪಿಎನ್‌ಗಿಂತ ಮುಂಚೆ ಎದ್ದರೆ ಆ ವಿಳಾಸ ಇನ್ನೂ ಇರುವುದಿಲ್ಲ. ಸೇವೆ ಅಲ್ಲೇ ಬೀಳುತ್ತದೆ. ಮರುದಿನ ಸ್ಟೇಟ್‌ಬ್ಯಾಂಕಿನಿಂದ ಎಕ್ಸ್‌ಪ್ರೆಸ್ ಹತ್ತಿ ಕುಂದಾಪುರಕ್ಕೆ ಹೋಗಿ ಮಾನಿಟರ್ ಸಿಕ್ಕಿಸುವುದೇ ಗತಿ.

ಹಾಗೆಂದು ಬಾಗಿಲು ತೆರೆದಿಟ್ಟು ಕಾಯಬೇಕಿಲ್ಲ. ಎಸ್‌ಎಸ್‌ಎಚ್ ಬಳಸುವ 22ನೇ ಪೋರ್ಟನ್ನು ಫೈರ್‌ವಾಲ್‌ನಲ್ಲಿ ಆಫೀಸಿನ ಸ್ಥಿರ ಐಪಿಗೆ ಮಾತ್ರ ಬಿಡಿ. ಹೊರಗಿನವರು ಸಂಪರ್ಕಿಸಲೇ ಆಗದಿದ್ದರೆ 120 ಸೆಕೆಂಡಿನ ಆಟವೂ ಇಲ್ಲ. ಅದೇ ಆವೃತ್ತಿಯ ಒಂದು ಯಂತ್ರಕ್ಕೆ ಮೊದಲು ಹಾಕಿ, ಎರಡು ಸಲ ರೀಬೂಟ್ ಮಾಡಿ, ಬ್ಯಾಕಪ್ ತೆಗೆಯುವ ಸ್ಕ್ರಿಪ್ಟು ರಾತ್ರಿ ಓಡಿತೇ ಎಂದು ಬೆಳಿಗ್ಗೆ ನೋಡಿ. ಉಳಿದ ಬ್ರಾಂಚುಗಳಿಗೆ ಹಾಕುವುದು ವಾರದ ದಿನ, ಬೆಳಿಗ್ಗೆ ಹತ್ತಕ್ಕೆ, ಅಲ್ಲಿ ಕೀಬೋರ್ಡ್ ಮುಂದೆ ಒಬ್ಬರು ಕೂತಿರುವಾಗ.