ಅಂಟಿಗೆ ಕೊಡುವ ಹಣ

ಅಂಚೆಚೀಟಿ ಸಂಗ್ರಹಿಸುವವರು ನಕಲಿ ಚೀಟಿಗೆ ಹೆದರುತ್ತಾರೆ. ನನಗೆ ಭಯವಿರುವುದು ಅಸಲಿ ಚೀಟಿಯದು. ಪೂರ್ತಿ ನಕಲಿಯಾದರೆ ಭೂತಗನ್ನಡಿಯ ಕೆಳಗೆ ಗೆರೆಯೋ ಅಕ್ಷರವೋ ಎಲ್ಲಾದರೂ ಬಾಯಿ ಬಿಡುತ್ತದೆ. ಕಾಗದ ಅಸಲಿ, ಮುದ್ರಣ ಅಸಲಿ, ಬೆನ್ನಿನ ಅಂಟು ಮಾತ್ರ ಹೋದ ವರ್ಷದ್ದು ಎಂದಾದರೆ ಏನು ಮಾಡುವುದು?

1949ರ ಆಗಸ್ಟ್ 15ರಂದು ಬಂದ ಸರಣಿಯಲ್ಲಿ ಆರು ಆಣೆಯ ಚೀಟಿಯ ಮೇಲೆ ನಮ್ಮ ಗೋಲಗುಮ್ಮಟವಿದೆ. ವಿಜಯಪುರದವರು ಅದಕ್ಕೆ ಮನಸೋಲುವುದು ಸಹಜ. ಬಳಸಿದ ಪ್ರತಿ ಅಗ್ಗ. ಬಳಸದೆ ಉಳಿದದ್ದು, ಬೆನ್ನಿನಲ್ಲಿ ಹಿಂಜ್ (ಚೀಟಿಯನ್ನು ಆಲ್ಬಮ್‌ಗೆ ಕೂರಿಸುವ ಪುಟ್ಟ ಕಾಗದದ ಪಟ್ಟಿ) ಅಂಟಿಸಿದ ಗುರುತೂ ಇಲ್ಲದ್ದು ಎಂದ ಕೂಡಲೇ ಬೆಲೆ ಏರುತ್ತದೆ. ಗುಮ್ಮಟ ಎರಡರಲ್ಲೂ ಅದೇ. ಹೆಚ್ಚಿನ ಹಣ ಹೋಗುವುದು ಆಲ್ಬಮ್‌ನಲ್ಲಿ ಯಾರೂ ನೋಡದ ಅಂಟಿಗೆ! ಅಂಟು ಹೋದ ಚೀಟಿಗೆ ಹೊಸ ಅಂಟು ಬಳಿದು ಮಾರುವ ಮರುಅಂಟಿನ ದಂಧೆಯನ್ನು ಸಾಕುತ್ತಿರುವುದು ನಮ್ಮ ಈ ಹುಚ್ಚೇ.

ಬೆಳಗಾವಿಯಲ್ಲಿ ವ್ಯಾಪಾರಿಯೊಬ್ಬರು ಇಂಥವೇ ಕೆಲವು ಚೀಟಿಗಳನ್ನು ತೋರಿಸಿ, "ನಮ್ಮ ಅಜ್ಜನ ಟ್ರಂಕಿನಲ್ಲೇ ಇದ್ದವು ಸರ್, ಯಾರೂ ಮುಟ್ಟಿಲ್ಲ" ಎಂದರು. ಹಪ್ಪಳ ಅರ್ಧ ಗಂಟೆಗೆ ಮೆತ್ತಗಾಗುವ ಬೆಳಗಾವಿಯ ಮಳೆಗಾಲವನ್ನು ಏಳು ದಶಕ ಕಂಡ ಅಂಟು ಹೊಸದಾಗಿ ಹೊಳೆಯುತ್ತಿತ್ತು. ನಾನು ಚೀಟಿಯ ಅಂಚಿನ ಹಲ್ಲುಗಳನ್ನು ನೋಡಿದೆ. ಹಾಳೆಗೆ ಮೊದಲು ಅಂಟು ಬಳಿದು ಆಮೇಲೆ ರಂಧ್ರ ಕೊರೆಯುತ್ತಾರೆ. ಆದ್ದರಿಂದ ಚೀಟಿಯನ್ನು ಬಿಡಿಸಿದಾಗ ಹಲ್ಲಿನ ತುದಿಯಲ್ಲಿ ಕಾಗದದ ನಾರು ಮೃದುವಾಗಿ ಎದ್ದು ನಿಲ್ಲುತ್ತದೆ. ಬಿಡಿಚೀಟಿಗೆ ಹೊಸದಾಗಿ ಅಂಟು ಬಳಿದರೆ ಅದು ನಾರಿಗೂ ಇಳಿದು ಒಣಗಿ, ಹಲ್ಲು ಗಡುಸಾಗುತ್ತದೆ. ಬೆರಳಿನಿಂದ ಸವರಿದೆ, ಚುಚ್ಚಿತು. ಅಜ್ಜನ ಕಥೆ ಅಲ್ಲಿಗೆ ಮುಗಿಯಿತು.

ಹರಿದ ಚೀಟಿಗೆ ಹಾಕಿದ ಕಾಗದದ ತೇಪೆಯನ್ನು ಹಿಡಿಯುವುದು ಇಷ್ಟು ಕಷ್ಟವಲ್ಲ. ಇಂದಿನ ಬಿಳಿ ಕಾಗದದ ತುಣುಕು ನೇರಳಾತೀತ ದೀಪದಡಿ ನೀಲಿಯಾಗಿ ಹೊಳೆಯುತ್ತದೆ, ಹಳೆಯ ಕಾಗದ ಮಂಕಾಗಿ ಉಳಿಯುತ್ತದೆ.

ಇನ್ನು 1948ರ ಹತ್ತು ರೂಪಾಯಿಯ ಗಾಂಧಿ ಚೀಟಿ. ಗವರ್ನರ್ ಜನರಲ್ ಕಚೇರಿಗೆಂದು 'ಸರ್ವಿಸ್' ಎಂದು ಮೇಲೆ ಅಚ್ಚೊತ್ತಿದ ಪ್ರತಿಗಳು ಕೇವಲ 100. ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದ ಅಸಲಿ ಗಾಂಧಿಯ ಮೇಲೆ ಆ ಒಂದು ಪದ ಒತ್ತಿದರೆ ಸಾಕು, ಬೆಲೆ ಎಲ್ಲಿಂದೆಲ್ಲಿಗೋ ಜಿಗಿಯುತ್ತದೆ. ಪರಿಣತರ ಪ್ರಮಾಣಪತ್ರವಿಲ್ಲದೆ ಯಾರಾದರೂ ಅದನ್ನು ಮುಂದಿಟ್ಟರೆ ಚಹಾ ಕುಡಿದು ಎದ್ದು ಬನ್ನಿ.

ನಾನು ಈಗ ಹುಡುಕುತ್ತಿರುವುದು ಬಿಜಾಪುರ ಅಂಚೆ ಕಚೇರಿಯದೇ ಠಸ್ಸೆ ಬಿದ್ದ ಗೋಲಗುಮ್ಮಟ. ಯಾರ ಬಳಿಯಾದರೂ ಇದ್ದರೆ ತಿಳಿಸಿ. ಅಂಟು ಬೇಡ, ಹಿಂಜ್ ಇದ್ದರೂ ನಡೆಯುತ್ತದೆ. ಠಸ್ಸೆಯ ತಾರೀಖು ಮಾತ್ರ 1949ರ ಆಗಸ್ಟ್‌ಗಿಂತ ಹಿಂದಿನದಾಗಿರಬಾರದು.