ದೇಶಕ್ಕೆಲ್ಲ ಒಂದೇ ಗ್ರಿಡ್: ನಮಗೆ ಒಳ್ಳೆಯದೇ?

ಪರ

ಪೀಣ್ಯದಲ್ಲಿ ನನ್ನದು ಎರಡು ಲೇತ್‌ಗಳ ಸಣ್ಣ ವರ್ಕ್‌ಶಾಪ್. 2012ರ ಸುಮಾರಿಗೆ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕೆ ಆಗುತ್ತಿರಲಿಲ್ಲ. ಶಾಫ್ಟ್ ಅರ್ಧ ಕಟಿಂಗ್ ಆಗಿರುವಾಗ ಮೆಷಿನ್ ನಿಂತರೆ ಟೂಲ್ ಕಚ್ಚಿಕೊಳ್ಳುತ್ತದೆ. ಅದರ ತುದಿ ಮುರಿಯುತ್ತದೆ, ಜಾಬ್ ಗುಜರಿಗೆ. ಜನರೇಟರ್ ಹಾಕಿದರೆ ಲಾಭವೆಲ್ಲ ಡೀಸೆಲ್‌ಗೆ.

ಆಗ ದೇಶದಲ್ಲಿ ಕರೆಂಟೇ ಇರಲಿಲ್ವಾ? ಇತ್ತು. ನಮ್ಮ ಕಡೆ ತರುವ ದಾರಿ ಸಾಲುತ್ತಿರಲಿಲ್ಲ. ವಿದ್ಯುತ್ ಮಾರುಕಟ್ಟೆಯಲ್ಲಿ ದಕ್ಷಿಣದವರು ಜಾಸ್ತಿ ರೇಟು ಕೊಡಬೇಕಾಗುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಲೈನ್ ಚಾಲೂ ಆಯಿತು, ನಮ್ಮ ದಕ್ಷಿಣದ ಗ್ರಿಡ್ (ಕರೆಂಟ್ ಸಾಗಿಸುವ ಲೈನ್‌ಗಳ ಜಾಲ) ದೇಶದ ಗ್ರಿಡ್‌ಗೆ ಸೇರಿತು. ಅದೊಂದರಿಂದಲೇ ಎಲ್ಲ ಸರಿಹೋಗಲಿಲ್ಲ. ಆದರೆ ದಾರಿ ತೆರೆಯಿತು.

ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಮಧ್ಯಾಹ್ನ ಉಕ್ಕುತ್ತದೆ, ಸಂಜೆ ಏಳಕ್ಕೆ ಸೊನ್ನೆ. ಹೆಚ್ಚಾದದ್ದನ್ನು ಹಗಲು ಮಾರಲು, ಬೇಕಾದ್ದನ್ನು ರಾತ್ರಿ ತರಲು ಲೈನೇ ಬೇಕು. ಮಳೆ ಕೈಕೊಟ್ಟು ಲಿಂಗನಮಕ್ಕಿ ತುಂಬದ ವರ್ಷವೂ ಅಷ್ಟೇ.

2012ರಲ್ಲಿ ಗ್ರಿಡ್ ಬಿದ್ದು ಆದ ಬ್ಲ್ಯಾಕೌಟ್ ತೋರಿಸಿ ಹೆದರಿಸುವವರಿದ್ದಾರೆ. ಅಪಘಾತ ಆಯ್ತು ಅಂತ ಹೆದ್ದಾರಿ ಮುಚ್ಚುತ್ತೀವಾ? 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ಲೈನ್ ಎಳೆದ ನಾಡು ನಮ್ಮದು. ಈಗ ಹಿಂಜರಿಯುವುದು ಯಾಕೆ?

ವಿರೋಧ

ವಿರೋಧದ ಕಡೆ ಬರೆಯಿರಿ ಅಂದರು, ಒಪ್ಪಿದೆ. ಆದರೂ ಲೈನೇ ಬೇಡ ಅಂತ ಹೇಳಲಾರೆ.

2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯದ ಗ್ರಿಡ್‌ಗಳು ಒಟ್ಟಿಗೆ ಬಿದ್ದವು. ಸುಮಾರು 60 ಕೋಟಿ ಜನರಿರುವ ಭಾಗದಲ್ಲಿ ಕರೆಂಟ್ ಹೋಯಿತು. ದಕ್ಷಿಣ ಉಳಿಯಿತು, ಯಾಕೆಂದರೆ ಆಗ ನಾವಿನ್ನೂ ಪೂರ್ತಿ ಸೇರಿರಲಿಲ್ಲ. ಇದು ಸಣ್ಣ ಮಾತಲ್ಲ.

ಆದರೆ ನನ್ನನ್ನು ಕಾಡುವುದು ತಿಪಟೂರು ಕಡೆಯ ನಮ್ಮ ದೊಡ್ಡಪ್ಪನ ತೋಟ. ಹೈಟೆನ್ಷನ್ ಲೈನಿಗೆ ಹನ್ನೊಂದು ತೆಂಗಿನ ಮರ ಹೋದವು. ಅಳತೆಗೆ ಬಂದವರು ಕಾಂಡದ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬರೆದಿದ್ದರು. ಏಳನೇ ನಂಬರಿನ ಮರ ಮುಟ್ಟಿ ದೊಡ್ಡಪ್ಪ, "ಇದು ನಿಮ್ಮಜ್ಜಿ ನೆಟ್ಟಿದ್ದು ಕಣೋ" ಅಂದರು. ಪರಿಹಾರ ಒಂದೇ ಸಲ ಬಂತು. ಪಹಣಿ ಈಗಲೂ ಅವರ ಹೆಸರಲ್ಲೇ ಇದೆ, ತಂತಿಯ ಕೆಳಗೆ ತೆಂಗು ಹಾಕುವಂತಿಲ್ಲ. ಈಗ ಅಲ್ಲಿ ರಾಗಿ ಬಿತ್ತುತ್ತಾರೆ.

ಪಾವಗಡದ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಬಾಡಿಗೆ ಶುರುವಾಯಿತು. ಕರೆಂಟ್ ಹುಟ್ಟುವ ಜಾಗಕ್ಕೆ ವರ್ಷ ವರ್ಷ ಬಾಡಿಗೆ, ಅದು ಹಾದುಹೋಗುವ ತೋಟಕ್ಕೆ ಯಾಕಿಲ್ಲ? ಅದು ಸಿಗುವವರೆಗೆ ಇನ್ನೊಂದು ಲೈನಿಗೆ ನಾನಂತೂ ಹೂಂ ಅನ್ನಲಾರೆ.