ರಾಜಕಾಲುವೆ ದಂಡೆಯ ಕೊಳೆಗೇರಿಗಳನ್ನು ಸ್ಥಳಾಂತರಿಸಬೇಕೆ?

ಪರ

ಬೆಂಗಳೂರಿನ ಮಳೆನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಎಂಬ ಮೂರು ಕಣಿವೆಗಳತ್ತ ಇಳಿಯುತ್ತದೆ; ಅದನ್ನು ಕೆರೆಯಿಂದ ಕೆರೆಗೆ ಒಯ್ಯಲೆಂದೇ ರಾಜಕಾಲುವೆಗಳಿದ್ದವು. ಈಗ ಅವುಗಳಲ್ಲಿ ಚರಂಡಿಯ ನೀರೇ ಹೆಚ್ಚು. ಅದರ ದಂಡೆಗೆ ಅಂಟಿಕೊಂಡು ತಗಡಿನ ಸೂರು ಹಾಕಿಕೊಂಡವರು ಜೋರು ಮಳೆಯ ರಾತ್ರಿ ಮಕ್ಕಳನ್ನು ಮಂಚದ ಮೇಲೆ ಕೂರಿಸಿ ಬೆಳಗು ಮಾಡುತ್ತಾರೆ. ಹಾಗೆ ಬದುಕಲು ಬಿಡುವುದೇ ಕರುಣೆ ಎಂಬ ವಾದ ನನಗೆ ಒಪ್ಪಿಗೆಯಾಗದು. ಕಾಲುವೆಯ ಹೂಳೆತ್ತಲು ಯಂತ್ರ ಇಳಿಯುವಷ್ಟು ಜಾಗವಾದರೂ ಬೇಡವೇ? ಊರಾಚೆಯ ವಸತಿ ಸಮುಚ್ಚಯಗಳಿಗೆ ಬಸ್ಸು ಸರಿಯಾಗಿಲ್ಲವೆಂಬ ದೂರನ್ನು ನಾನು ಅಲ್ಲಗಳೆಯಲಾರೆ. ಆದರೆ ಅದು ಕಟ್ಟಿದವರ ಲೋಪ. ಸರಿಪಡಿಸಬಹುದು ಎಂದೇ ನಂಬಬೇಕಾಗಿದೆ.

ವಿರೋಧ

ನೀರಿನ ದಾರಿಗೆ ಅಡ್ಡ ನಿಂತವರು ತಗಡಿನ ಸೂರಿನವರು ಮಾತ್ರವೇ? ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ವಿಲ್ಲಾಗಳು ಮುಳುಗಿದಾಗ ನಿವಾಸಿಗಳನ್ನು ಟ್ರ್ಯಾಕ್ಟರುಗಳಲ್ಲಿ ಹೊರತಂದರೇ ಹೊರತು ಊರಾಚೆಗೆ ಅಟ್ಟಿರೆಂದು ಯಾರೂ ಲೇಖನ ಬರೆಯಲಿಲ್ಲ. ಬಡವರ ಮಂಚವನ್ನು ಕಂಡು ಮರುಗುವವರು ಅದನ್ನು ಲಾರಿಗೆ ಏರಿಸುವ ಆತುರದಲ್ಲಿರುತ್ತಾರೆ. 2013ರ ಜನವರಿಯಲ್ಲಿ ಈಜಿಪುರದ ದುರ್ಬಲ ವರ್ಗದವರ ವಸತಿಗಳನ್ನು ನೆಲಸಮ ಮಾಡಿದ ಮೇಲೆ ಅನೇಕ ಕುಟುಂಬಗಳು ಅಲ್ಲಿಯೇ ಪಾದಚಾರಿ ಮಾರ್ಗದಲ್ಲಿ ಉಳಿದದ್ದು ಹಟಕ್ಕಲ್ಲ. ಅವರ ಕೆಲಸದ ಮನೆಗಳು ನಡೆದು ಹೋಗುವ ದೂರದಲ್ಲಿದ್ದವು.

ಇದು ನನಗೆ ಓದಿ ತಿಳಿದ ವಿಷಯವಲ್ಲ. ನಮ್ಮ ಅಮ್ಮ ನಸುಕಿನ ನಾಲ್ಕಕ್ಕೆ ಕೆ.ಆರ್. ಮಾರುಕಟ್ಟೆಗೆ ಹೋಗಿ ಹೂ ತಂದು, ಕಟ್ಟಿ, ಬೆಳಿಗ್ಗೆ ಪೂಜೆಯ ಹೊತ್ತಿಗೆ ಹದಿನೆಂಟು ಮನೆಗಳಿಗೆ ವರ್ತನೆಯ ಮೇಲೆ ಕೊಡುತ್ತಿದ್ದರು. ನಮ್ಮನ್ನು ಕಾಲುವೆ ದಂಡೆಯಿಂದ ಎಬ್ಬಿಸಿ ಮೂರನೆಯ ಮಹಡಿಯ ಮನೆ ಕೊಟ್ಟರು. ಗೋಡೆ ಗಟ್ಟಿಯಿತ್ತು, ಸುಳ್ಳು ಹೇಳಲಾರೆ. ಮೊದಲ ಬಸ್ಸು ಆರಕ್ಕೆ. ಮಾರುಕಟ್ಟೆ ತಲುಪುವಷ್ಟರಲ್ಲಿ ಒಳ್ಳೆಯ ಮಲ್ಲಿಗೆ ಮುಗಿದಿರುತ್ತಿತ್ತು. ಹೂ ಮನೆಗಳಿಗೆ ಮುಟ್ಟುವಾಗ ಪೂಜೆಯೂ ಮುಗಿದಿರುತ್ತಿತ್ತು. ಹದಿನೆಂಟು ಮನೆಗಳು ಐದಾದವು. ಆ ಐದು ಮನೆಯವರು ಕೂಡ ಪಾಪವೆಂದು ಕೊಳ್ಳುತ್ತಿದ್ದರಷ್ಟೆ. ಎರಡನೆಯ ವರ್ಷ ಕೊಟ್ಟ ಮನೆಗೆ ಬೀಗ ಹಾಕಿ, ಅದೇ ಕಾಲುವೆಯ ಎದುರು ದಂಡೆಯಲ್ಲಿ ಬಾಡಿಗೆಗೆ ಬಂದೆವು. ಅಲ್ಲಿಯೂ ಮಳೆಗಾಲದಲ್ಲಿ ನೀರು ನುಗ್ಗಿತು. ಅಮ್ಮ ಹೂವಿನ ಬುಟ್ಟಿಯನ್ನು ಅಟ್ಟಕ್ಕೆ ಏರಿಸಿ, ಒದ್ದೆ ನೆಲ ಬಳಿದು, ನಾಲ್ಕಕ್ಕೆ ಮಾರುಕಟ್ಟೆಗೆ ಹೊರಟರು.